ಟರ್ಬೊ ಮುಂದೆ ಇಡುವುದೋ ಹಿಂದೆ ಇಡುವುದೋ: ಹಳೇ ಕಮಾರೊ ಕಟ್ಟುವವರಿಗೆ

2000ನೇ ಇಸವಿಯ ಶೆವ್ರೊಲೆ ಕಮಾರೊ ಝೆಡ್28ರ ಬಾನೆಟ್ ಎತ್ತಿದರೆ ಎಂಟು ಸಿಲಿಂಡರಿನ ಎಂಜಿನ್ನಿನ ಮುಂದಿನ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಮುಂದಿನ ಗಾಜಿನ ಅಡಿಗೆ ತೂರಿಕೊಂಡು ಕೂತಿದೆ. ಹಿಂದಿನ ಸ್ಪಾರ್ಕ್ ಪ್ಲಗ್‌ಗಳನ್ನು ಕಣ್ಣಿಂದ ನೋಡಿ ಬಿಚ್ಚಲು ಆಗುವುದಿಲ್ಲ, ಮೊಣಕೈವರೆಗೆ ತೋಳು ತೂರಿಸಿ ಬೆರಳಿನಲ್ಲೇ ತಡಕಿ ಬಿಚ್ಚಬೇಕು. ಇಂಥ ಕಾರಿಗೆ ಟರ್ಬೊ, ಅಂದರೆ ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ, ಹಾಕಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಅದನ್ನು ಇಡುವುದೆಲ್ಲಿ?

ನಾನಿರುವುದು ಮಿಷಿಗನ್‌ನಲ್ಲಿ. ಡೆಟ್ರಾಯ್ಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ, ಬಿಡಿಭಾಗದ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಬಹಳ. ಅವರಲ್ಲಿ ಗ್ಯಾರೇಜಿನಲ್ಲಿ ಒಂದು ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡು ಚಳಿಗಾಲವಿಡೀ ಬಿಚ್ಚಿ ಕಟ್ಟುವವರೂ ಇದ್ದಾರೆ. ನನ್ನ ಕಮಾರೊಗೆ ಎರಡು ಚಳಿಗಾಲ ಕೂತು ಹಿಂಬದಿಯಲ್ಲಿ ಟರ್ಬೊ ಇಟ್ಟಿದ್ದೇನೆ. ಅದೇ ಮಾದರಿಯ ಗೆಳೆಯನ ಕಾರಿಗೆ ಮುಂದೆಯೇ ಟರ್ಬೊ ಕೂರಿಸುವಾಗ ಸ್ಪ್ಯಾನರ್ ಹಿಡಿದು ಜೊತೆಗಿದ್ದೆ. ಇನ್ನೊಬ್ಬರ ಕಾರಿಗೆ ಸೂಪರ್‌ಚಾರ್ಜರ್, ಅಂದರೆ ಹೊಗೆಯ ಬದಲು ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಗಾಳಿ ಒತ್ತುವ ಯಂತ್ರ, ಬಿಗಿದದ್ದನ್ನೂ ಹತ್ತಿರದಿಂದ ನೋಡಿದೆ. ಹಿಂಬದಿ ಟರ್ಬೊ ಎಂದಕೂಡಲೇ ಎಲ್ಲರೂ ಲ್ಯಾಗ್, ಅಂದರೆ ಆಕ್ಸಿಲರೇಟರ್ ಒತ್ತಿದ ಮೇಲೆ ಶಕ್ತಿ ಬರಲು ಆಗುವ ತಡ, ಎನ್ನುತ್ತಾರೆ. ನನ್ನ ಅನುಭವದಲ್ಲಿ ತೀರ್ಮಾನ ಮಾಡಬೇಕಾದ ವಿಷಯ ಬೇರೆ ಇದೆ. ಟರ್ಬೊಗೆ ಹೋದ ಆಯಿಲ್ ಎಂಜಿನ್ನಿಗೆ ವಾಪಸ್ ಬರುವುದು ಹೇಗೆ? ಇದಕ್ಕೆ ನಿಮ್ಮ ಬಳಿ ಗಟ್ಟಿ ಉತ್ತರ ಇದ್ದರೆ ಹಿಂದೆ ಇಡಿ, ಇಲ್ಲದಿದ್ದರೆ ಬೇಡ.

ಹಿಂದೆ ಇಡುವುದೆಂದರೆ

ಮಾಮೂಲಿನಂತೆ ಟರ್ಬೊ ಎಂಜಿನ್ನಿನ ಪಕ್ಕದಲ್ಲೇ, ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಅಂಟಿಕೊಂಡಂತೆ ಇರುತ್ತದೆ. ಹಿಂಬದಿಯ ಜೋಡಣೆಯಲ್ಲಿ ಸೈಲೆನ್ಸರ್ ಬಿಚ್ಚಿ ಆ ಜಾಗಕ್ಕೆ ಟರ್ಬೊ ಕೂರಿಸುತ್ತಾರೆ. ಹೊಗೆ ಕಾರಿನ ಅಡಿಯಲ್ಲಿ ಹಿಂದಕ್ಕೆ ಬಂದು ಟರ್ಬೊದ ಒಳಗಿನ ಟರ್ಬೈನ್ ಚಕ್ರ ತಿರುಗಿಸಿ ಅಲ್ಲೇ ಹೊರಗೆ ಹೋಗುತ್ತದೆ. ಟರ್ಬೈನ್ ಜೊತೆಗೇ ತಿರುಗುವ ಕಂಪ್ರೆಸರ್ ಒತ್ತಿದ ಗಾಳಿ ಇನ್ನೊಂದು ಪೈಪಿನಲ್ಲಿ ಮುಂದಕ್ಕೆ ಹೋಗಿ ಎಂಜಿನ್ನಿನ ಗಾಳಿಬಾಗಿಲಾದ ಥ್ರಾಟಲ್ ಸೇರುತ್ತದೆ. ಸೈಲೆನ್ಸರ್ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಟರ್ಬೈನೇ ಮಾಡುವುದರಿಂದ ಶಬ್ದ ಹೆದರಿಸುವಷ್ಟು ಹೆಚ್ಚುವುದಿಲ್ಲ.

ಅಮೆರಿಕದಲ್ಲಿ ಈ ಪದ್ಧತಿಯನ್ನು ಕಿಟ್ ರೂಪದಲ್ಲಿ ಜನಪ್ರಿಯ ಮಾಡಿದ್ದು ಯೂಟಾ ರಾಜ್ಯದ ಸ್ಕ್ವೈರ್ಸ್ ಟರ್ಬೊ ಸಿಸ್ಟಮ್ಸ್. ಎಲ್ಲರ ಬಾಯಲ್ಲಿ ಅದು ಎಸ್‌ಟಿಎಸ್. ಎಲ್‌ಎಸ್1 ಎಂಬ 5.7 ಲೀಟರ್ ಎಂಜಿನ್ನಿನ ಕಮಾರೊ, ಪಾಂಟಿಯಾಕ್ ಫೈರ್‌ಬರ್ಡ್, ಕಾರ್ವೆಟ್‌ಗಳಿಗೆ ಅವರ ಕಿಟ್‌ಗಳು ಓಡಾಡಿದವು. ಆದರೆ ಕಲ್ಪನೆ ಬಹಳ ಹಳೆಯದು. ಎರಡನೇ ಮಹಾಯುದ್ಧದ ಪಿ-47 ಥಂಡರ್‌ಬೋಲ್ಟ್ ಯುದ್ಧವಿಮಾನದಲ್ಲಿ ಎಂಜಿನ್ ಮೂತಿಯಲ್ಲಿತ್ತು, ಜನರಲ್ ಎಲೆಕ್ಟ್ರಿಕ್ ಕಂಪನಿಯ ಟರ್ಬೊ ಪೈಲಟ್‌ನ ಬೆನ್ನ ಹಿಂದೆ, ಬಾಲದ ಕಡೆಗೆ ಇತ್ತು. ಹೊಗೆ ಅವನ ಕೆಳಗಿನಿಂದ ಹಿಂದಕ್ಕೆ ಹೋಗಿ, ಒತ್ತಿದ ಗಾಳಿ ಮತ್ತೆ ಮುಂದಕ್ಕೆ ಬರುತ್ತಿತ್ತು. 1941ರಲ್ಲಿ ಮೊದಲು ಹಾರಿದ ಆ ವಿಮಾನದ ಹೊಟ್ಟೆ ಅಷ್ಟು ದಪ್ಪ ಇರಲು ಈ ಪೈಪುಗಳೇ ಒಂದು ಕಾರಣ. ಉದ್ದ ಪೈಪಿನ ಟರ್ಬೊ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಅನುಮಾನ ಆಗಲೇ ಬಗೆಹರಿದಿದೆ.

ಕಮಾರೊಗೆ ಇದು ಚೆನ್ನಾಗಿ ಒಗ್ಗಲು ಕಾರಣವಿದೆ. ಎರಡೂ ಕಡೆಯ ಎಕ್ಸಾಸ್ಟ್ ವೈ ಆಕಾರದ ಪೈಪಿನಲ್ಲಿ ಸೇರಿ ಒಂದೇ ಪೈಪಾಗಿ ಹಿಂದೆ ಬರುತ್ತದೆ. ಒಂದೇ ಟರ್ಬೊ ಸಾಕು, ಹೊಸದಾಗಿ ಬೆಸೆಯುವ ಪೈಪು ಕಡಿಮೆ. ಕಾರ್ವೆಟ್‌ನಲ್ಲಿ ಎರಡು ಸಾಲು ಪೈಪು, ಗೇರ್ ಬಾಕ್ಸ್ ಕೂಡ ಹಿಂದಿನ ಆಕ್ಸಲ್ ಜೊತೆಗೇ ಇದೆ. ಅಲ್ಲಿ ಎರಡನ್ನೂ ಕೂಡಿಸಬೇಕು, ಇಲ್ಲವೇ ಎರಡು ಚಿಕ್ಕ ಟರ್ಬೊ ಇಡಬೇಕು.

ಲ್ಯಾಗ್ ಲೆಕ್ಕ, ಕಾಗದದ ಮೇಲೆ

ಉದ್ದ ಪೈಪು ತುಂಬಲು ಸಮಯ ಹಿಡಿಯುತ್ತದೆ, ಆದ್ದರಿಂದ ಲ್ಯಾಗ್ ಎಂದು ಹೇಳುತ್ತಾರೆ. ಕೂತು ಲೆಕ್ಕ ಹಾಕೋಣ. ಎರಡೂವರೆ ಇಂಚಿನ ಪೈಪು, ನಾಲ್ಕು ಮೀಟರ್ ಉದ್ದ. ಒಳಗಿನ ಗಾಳಿ ಸುಮಾರು 12.7 ಲೀಟರ್. ಅದರ ಒತ್ತಡವನ್ನು ವಾತಾವರಣಕ್ಕಿಂತ 6 ಪಿಎಸ್‌ಐ, ಅಂದರೆ 0.4 ಬಾರ್ ಹೆಚ್ಚಿಗೆ (ಇದಕ್ಕೇ ಬೂಸ್ಟ್ ಎನ್ನುವುದು) ಏರಿಸಲು ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 5 ಲೀಟರ್ ಗಾಳಿ. 5.7 ಲೀಟರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 120 ಲೀಟರ್ ಕುಡಿಯುತ್ತದೆ. ಕಂಪ್ರೆಸರ್ ಅದಕ್ಕಿಂತ ಐದನೇ ಒಂದು ಪಾಲು ಮಾತ್ರ ಹೆಚ್ಚು ತಳ್ಳಿದರೂ ಕಾಲು ಸೆಕೆಂಡಿನೊಳಗೆ ಪೈಪು ತುಂಬಿತು. ಮುಂದೆ ಟರ್ಬೊ ಇಟ್ಟವರಿಗೂ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಅದರ ಪೈಪು ತುಂಬಬೇಕು, ಅವರದೂ ಸೊನ್ನೆಯೇನಲ್ಲ. ಹಾಗಾಗಿ ಗಾಳಿ ಪೈಪಿನ ಉದ್ದದಿಂದ ಆಗುವ ವ್ಯತ್ಯಾಸ ಕಾಲಿನ ಕೆಳಗೆ ಗೊತ್ತಾಗುವುದೇ ಕಷ್ಟ.

ನಿಜವಾದ ನಷ್ಟ ಬಿಸಿ ಹೊಗೆಯ ಕಡೆ ಇದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡ್ ಬಳಿ ಹೊಗೆ 850 ಡಿಗ್ರಿ ಸೆಲ್ಸಿಯಸ್ ಇದೆ ಎಂದಿಟ್ಟುಕೊಳ್ಳಿ. ಹಿಂದೆ ಬರುವಷ್ಟರಲ್ಲಿ 600ಕ್ಕೆ ಇಳಿಯಿತು ಎನ್ನಿ. ಕೆಲ್ವಿನ್ ಲೆಕ್ಕದಲ್ಲಿ 1,123ರಿಂದ 873. ಟರ್ಬೈನ್‌ಗೆ ಒಂದೊಂದು ಕಿಲೋ ಹೊಗೆಯಿಂದ ಸಿಗುವ ಕೆಲಸ ಈ ತಾಪಮಾನಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಸುಮಾರು 22 ಪ್ರತಿಶತ ಖೋತಾ. ಹೊಗೆಯ ಗಾತ್ರವೂ ಅಷ್ಟೇ ಕುಗ್ಗುತ್ತದೆ. ಮುಂದಿನ ಜೋಡಣೆಗೆಂದು ಆರಿಸಿದ ಟರ್ಬೊವನ್ನೇ ಹಿಂದೆ ಕೂರಿಸಿ, ಬೂಸ್ಟ್ ಬರುವುದೇ ಇಲ್ಲ ಎಂದು ಬೈಯುವವರು ಮಾಡುವ ತಪ್ಪು ಇದು. ಟರ್ಬೈನ್ ಹೌಸಿಂಗ್‌ನ ಎ/ಆರ್ ಸಂಖ್ಯೆ, ಅಂದರೆ ಒಳಗಿನ ಸುರುಳಿ ದಾರಿಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಚಕ್ರದ ನಡುವಿನಿಂದ ಅದಕ್ಕಿರುವ ದೂರಕ್ಕೂ ಇರುವ ಅನುಪಾತ, ಹಿಂಬದಿಗೆ ಒಂದು ಗಾತ್ರ ಚಿಕ್ಕದು ಬೇಕು. ದಾರಿ ಕಿರಿದಾದರೆ ಕುಗ್ಗಿದ ಹೊಗೆಯೂ ರಭಸದಿಂದ ಚಕ್ರಕ್ಕೆ ಬಡಿಯುತ್ತದೆ. ಟರ್ಬೊ ಮಾರುವವರಿಗೆ ಎಂಜಿನ್ ಗಾತ್ರ, ಬೇಕಾದ ಶಕ್ತಿ ಹೇಳುವಾಗ ಹಿಂಬದಿ ಎಂಬುದನ್ನು ಮೊದಲೇ ಹೇಳಿ.

ಇನ್ನು ಹೊಗೆಯ ಶಾಖ ಉಳಿಸುವ ಕೆಲಸ. ಪೈಪಿಗೆ ಸುತ್ತುವ ಬಟ್ಟೆಯಂಥ ಪಟ್ಟಿ ಸಿಗುತ್ತದೆ, ಅಗ್ಗ. ನನ್ನ ಕಾರಿಗೆ ಅದನ್ನು ಸುತ್ತಿದ ಮೇಲೆ ಮೂರನೇ ಗೇರಿನಲ್ಲಿ ಪೂರ್ತಿ ಬೂಸ್ಟ್ ಸುಮಾರು 300 ಆರ್‌ಪಿಎಂ ಮೊದಲೇ ಬರತೊಡಗಿತು. ಆದರೆ ಮಿಷಿಗನ್‌ನಂಥ ಕಡೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಿನಲ್ಲಿ, ಆ ಪಟ್ಟಿ ನೀರು ಹಿಡಿದಿಟ್ಟುಕೊಂಡು ಮಾಮೂಲಿ ಉಕ್ಕಿನ ಪೈಪನ್ನು ಒಳಗೊಳಗೇ ತಿಂದುಹಾಕುತ್ತದೆ. ಪಟ್ಟಿ ಸುತ್ತುವುದಾದರೆ ಪೈಪು ಸ್ಟೇನ್‌ಲೆಸ್ ಇರಲಿ. ಇಲ್ಲದಿದ್ದರೆ ಪೈಪಿನ ಹೊರಮೈಗೆ ಸೆರಾಮಿಕ್ ಲೇಪನ ಮಾಡಿಸಿ. ಮುಂಜಾನೆ ಚಳಿಯಲ್ಲಿ ಹೊರಟರೆ ಹಿಂಬದಿ ಟರ್ಬೊ ಮೊದಲ ಕೆಲವು ಮೈಲಿ ಮಂದ ಎಂಬುದನ್ನು ಒಪ್ಪಿಕೊಳ್ಳಬೇಕು. ಅಷ್ಟುದ್ದ ಪೈಪು ಬಿಸಿಯಾಗುವ ತನಕ ಅದಕ್ಕೆ ಕಸುವು ಬರುವುದಿಲ್ಲ.

ಆಯಿಲ್: ತೀರ್ಮಾನ ಆಗಬೇಕಾದ ಜಾಗ

ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷದ ಆಸುಪಾಸಿನ ಸುತ್ತು ತಿರುಗುತ್ತದೆ. ಅದನ್ನು ಹೊತ್ತಿರುವುದು ತೆಳ್ಳನೆಯ ಆಯಿಲ್ ಪದರ. ಆಯಿಲ್ ಒತ್ತಡದಲ್ಲಿ ಒಳಗೆ ಬರುತ್ತದೆ, ಹೊರಗೆ ಹೋಗುವಾಗ ಒತ್ತಡವಿಲ್ಲ, ನೊರೆಯಂತೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮುಂದೆ ಇಟ್ಟ ಟರ್ಬೊ ಆಯಿಲ್ ಪ್ಯಾನ್‌ಗಿಂತ ಮೇಲಿರುತ್ತದೆ. ಅರ್ಧ ಇಂಚಿಗಿಂತ ಅಗಲವಾದ ಹೋಸ್ ಹಾಕಿ, ನೆಟ್ಟಗೆ ಕೆಳಗೆ ಇಳಿಸಿ, ಪ್ಯಾನ್‌ಗೆ ಒಂದು ತೂತು ಕೊರೆದರೆ ಕೆಲಸ ಮುಗಿಯಿತು. ಹಿಂಬದಿಯಲ್ಲಿ ಟರ್ಬೊ ಪ್ಯಾನ್‌ನಷ್ಟೇ ಕೆಳಗೆ ಅಥವಾ ಇನ್ನೂ ಕೆಳಗೆ ಇದೆ, ನಾಲ್ಕು ಮೀಟರ್ ದೂರವೂ ಇದೆ. ಆಯಿಲ್ ತಾನಾಗಿ ಹತ್ತಿ ಬರುವುದಿಲ್ಲ. ಎಳೆದು ತಳ್ಳಲು ಕರೆಂಟಿನ ಪಂಪು ಬೇಕು. ಈ ಪಂಪು ನಿಂತರೆ ಟರ್ಬೊದ ಹೊಟ್ಟೆಯಲ್ಲಿ ಆಯಿಲ್ ತುಂಬಿ ಸೀಲ್ ದಾಟಿ ಎರಡೂ ಕಡೆಗೆ ನುಗ್ಗುತ್ತದೆ.

ನನಗೆ ಅದು ಆದದ್ದು ಮೊದಲ ಬೇಸಿಗೆಯಲ್ಲೇ. ಆಗಸ್ಟ್ ಸಂಜೆ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಮೆರವಣಿಗೆ ನೋಡಿಕೊಂಡು ಬರುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣದಷ್ಟು ನೀಲಿ ಹೊಗೆ. ಪಕ್ಕಕ್ಕೆ ಹಾಕಿ ಬಗ್ಗಿ ನೋಡಿದೆ. ಟರ್ಬೈನ್‌ನಿಂದ ಹೊರಬರುವ ಪೈಪಿನ ತುದಿಯಲ್ಲಿ ಆಯಿಲ್ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು, ಬಂಪರಿನ ಕೆಳಗಡೆಯೆಲ್ಲ ಜಿಡ್ಡು. ಪಂಪು ಚೆನ್ನಾಗಿಯೇ ಇತ್ತು. ಅದರ ಅರ್ತಿಂಗ್ ವೈರನ್ನು ನಾನು ಬಣ್ಣ ಕೆರೆಯದೆ ಚಾಸಿಗೆ ಬಿಗಿದಿದ್ದೆ, ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿದು ಕರೆಂಟು ನಿಂತಿತ್ತು. ಒಂದು ವೈರಿನ ತುದಿ ಮತ್ತು ಹತ್ತು ನಿಮಿಷದ ಅಸಡ್ಡೆ. ಟರ್ಬೊ ಉಳಿಯಿತು, ಅದು ಅದೃಷ್ಟ.

ಅಂದಿನಿಂದ ನಾನು ಹೇಳುವ ಕ್ರಮ ಹೀಗಿದೆ. ಟರ್ಬೊದ ಕೆಳಗೆ ನೇರವಾಗಿ ಒಂದು ಪುಟ್ಟ ಡಬ್ಬಿ ಇಡಿ, ಕಾಲು ಲೀಟರ್ ಹಿಡಿದರೆ ಸಾಕು. ಆಯಿಲ್ ಮೊದಲು ಅದಕ್ಕೆ ಬೀಳಲಿ, ನೊರೆ ಇಳಿಯಲಿ, ಪಂಪು ಅದರ ತಳದಿಂದ ಎಳೆಯಲಿ. ನೇರ ಟರ್ಬೊದಿಂದಲೇ ಎಳೆದರೆ ಪಂಪು ಅರ್ಧ ಹೊತ್ತು ಗಾಳಿಯನ್ನೇ ಜಗಿಯುತ್ತದೆ. ಪಂಪಿನ ಮುಂದೆ ಜಾಲರಿ ಇರಲಿ. ಟರ್ಬೊದ ಡ್ರೈನ್ ಬಾಯಿ ನೆಟ್ಟಗೆ ಕೆಳಮುಖವಾಗಿರಲಿ. ಗ್ಯಾರೆಟ್ ಕಂಪನಿ ಲಂಬದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು ಎನ್ನುತ್ತದೆ. ಹಿಂಬದಿಯಲ್ಲಿ ಜಾಗಕ್ಕಾಗಿ ಟರ್ಬೊವನ್ನು ಓರೆ ಮಾಡುವ ಆಸೆ ಹುಟ್ಟುತ್ತದೆ, ಮಾಡಬೇಡಿ. ಬಾಲ್ ಬೇರಿಂಗ್ ಟರ್ಬೊ ಆದರೆ ಆಯಿಲ್ ಒಳಬರುವಲ್ಲಿ ಸುಮಾರು 1 ಮಿಲಿಮೀಟರ್ ತೂತಿನ ರಿಸ್ಟ್ರಿಕ್ಟರ್ ಹಾಕಬೇಕು. ಬರುವುದೇ ಕಡಿಮೆಯಾದರೆ ಎಳೆಯುವ ಪಂಪಿಗೂ ಹಗುರ.

ಪಂಪಿನಲ್ಲಿ ಎರಡು ಜಾತಿ. ರಬ್ಬರ್ ಪೊರೆ ಮೇಲೆ ಕೆಳಗೆ ಆಡುವ ಡಯಾಫ್ರಾಮ್ ಪಂಪಿನ ಸದ್ದು ಕಡಿಮೆ, ಬೆಲೆ ಕಡಿಮೆ, ಒಣಗಿದ್ದರೂ ಎಳೆಯುತ್ತದೆ. ಆದರೆ ನೂರು ಡಿಗ್ರಿ ದಾಟಿದ ಆಯಿಲ್‌ಗೆ ಆ ರಬ್ಬರ್ ಬಹುಕಾಲ ತಾಳುವುದಿಲ್ಲ. ಗೇರ್ ಪಂಪು ಒರಟು ಸದ್ದಿನದು, ದುಬಾರಿ, ಬಿಸಿ ಆಯಿಲ್‌ಗೇ ಹುಟ್ಟಿದ್ದು. ನಾನು ಗೇರ್ ಪಂಪಿಗೇ ಮತ ಹಾಕುತ್ತೇನೆ. ಪಂಪಿಗೆ ಅದರದೇ ಫ್ಯೂಸು, ಅದರದೇ ರಿಲೇ, ಬ್ಯಾಟರಿಯಿಂದ ನೇರ ವೈರು. ಕೀ ತಿರುಗಿಸಿದ ಕೂಡಲೇ ಅದು ಎಂಜಿನ್‌ಗಿಂತ ಮೊದಲೇ ಓಡಬೇಕು, ಎಂಜಿನ್ ನಿಂತ ಮೇಲೂ ಟೈಮರಿನಲ್ಲಿ ಅರ್ಧ ನಿಮಿಷ ಓಡಬೇಕು. ಪಂಪಿನಿಂದ ಹೊರಹೋಗುವ ಪೈಪಿಗೆ ಒಂದು ಪ್ರೆಶರ್ ಸ್ವಿಚ್ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಜೊತೆಗೆ ಬಜರ್. ದೀಪ ಮಾತ್ರ ಸಾಲದು, ಹಗಲಿನಲ್ಲಿ ಕಾಣುವುದಿಲ್ಲ. ಟರ್ಬೊಗೆ ಆಯಿಲ್ ಹೋಗುವ ಪೈಪಿನಲ್ಲಿ ಒತ್ತಡ ಇದ್ದಾಗ ಮಾತ್ರ ತೆರೆಯುವ ಚೆಕ್ ವಾಲ್ವ್ ಇಲ್ಲದಿದ್ದರೆ ಕಾರು ನಿಂತ ರಾತ್ರಿ ಎಂಜಿನ್ನಿನ ಆಯಿಲ್ ನಿಧಾನವಾಗಿ ಹಿಂದಕ್ಕೆ ಸೋರಿ ಟರ್ಬೊದಲ್ಲಿ ತುಂಬುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮನೆ ಮುಂದೆಲ್ಲ ಹೊಗೆ.

ಎಂಜಿನ್ನಿನ ಆಯಿಲ್ ಹಂಚಿಕೊಳ್ಳದೆ ಟರ್ಬೊಗೇ ಬೇರೆ ಡಬ್ಬಿ, ಬೇರೆ ಪಂಪು, ಪುಟ್ಟ ಕೂಲರ್ ಇಟ್ಟು ಹಿಂದೆಯೇ ಸುತ್ತಿಸುವ ದಾರಿಯೂ ಇದೆ. ಪೈಪು ಕಡಿಮೆ, ಪಂಪು ಕೆಟ್ಟರೆ ಎಂಜಿನ್ ಆಯಿಲ್ ಖಾಲಿಯಾಗುವ ಭಯವಿಲ್ಲ. ಆದರೆ ಆಗ ಪಂಪು ನಿಂತರೆ ಟರ್ಬೊಗೆ ಆಯಿಲ್ಲೇ ಇಲ್ಲ, ಶಾಫ್ಟು ಕೆಲವೇ ಸೆಕೆಂಡುಗಳಲ್ಲಿ ಹಿಡಿದುಕೊಳ್ಳುತ್ತದೆ. ಹೊಗೆ ಬರುವ ಕೆಡುಕು ಮತ್ತು ಟರ್ಬೊ ಸಾಯುವ ಕೆಡುಕು, ಎರಡರಲ್ಲಿ ನನಗೆ ಮೊದಲನೆಯದೇ ವಾಸಿ.

ಮುಂದೆಯೇ ಇಟ್ಟರೆ

ಗೆಳೆಯನ ಕಾರಿನ ಕೆಲಸ ನೋಡಿದ ಮೇಲೆ ಮುಂದಿನ ಜೋಡಣೆಯ ಬಗ್ಗೆ ಗೌರವ ಹೆಚ್ಚಿತು, ಆಸೆ ಹೆಚ್ಚಲಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡುಗಳನ್ನು ಮುಂದಕ್ಕೆ ಮುಖ ಮಾಡಿ ತಿರುಗಿಸಿ, ಎರಡೂ ಕಡೆಯ ಹೊಗೆಯನ್ನು ರೇಡಿಯೇಟರಿನ ಹಿಂದೆ ಒಂದು ಕಡೆ ತರಬೇಕು. ಆ ಜಾಗದಲ್ಲಿ ಮೊದಲೇ ಬ್ಯಾಟರಿ ಇದೆ, ಎಸಿ ಕಂಪ್ರೆಸರಿನ ಪೈಪು ಇದೆ, ಪವರ್ ಸ್ಟೀರಿಂಗ್ ಇದೆ. ಬ್ಯಾಟರಿ ಡಿಕ್ಕಿಗೆ ಹೋಯಿತು. ಎಸಿಯನ್ನು ಅವನು ಕೊನೆಗೆ ಕೈಬಿಟ್ಟ. ಎಲ್‌ಎಸ್1ರ ಇಗ್ನಿಷನ್ ಕಾಯಿಲ್‌ಗಳು ವಾಲ್ವ್ ಕವರಿನ ಮೇಲೆಯೇ ಕೂತಿರುವುದರಿಂದ ಅವುಗಳ ಪಕ್ಕದಲ್ಲೇ ಕೆಂಪಗೆ ಕಾಯುವ ಟರ್ಬೈನ್ ಬಂದರೆ ವೈರುಗಳಿಗೆ ತಗಡಿನ ಮರೆ, ಪ್ಲಗ್ ಬೂಟ್‌ಗಳಿಗೆ ಶಾಖ ತಡೆಯುವ ಕವಚ ಎಲ್ಲ ಬೇಕು. ಪ್ಲಗ್ ಬದಲಿಸಲು ಅರ್ಧ ದಿನ.

ಆದರೆ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಅವನ ಕಾರು ಆಕ್ಸಿಲರೇಟರಿಗೆ ಕೊಡುವ ಉತ್ತರ ನನ್ನದಕ್ಕಿಂತ ಚುರುಕು, ತಣ್ಣಗಿರುವಾಗಲೂ ಚುರುಕು. ಆಯಿಲ್ ತಾನೇ ಇಳಿಯುತ್ತದೆ, ಪಂಪಿನ ಚಿಂತೆಯೇ ಇಲ್ಲ. ಮುಂದೊಂದು ದಿನ ಎಂಜಿನ್ ಬಿಚ್ಚಿ ಗಟ್ಟಿ ಪಿಸ್ಟನ್ ಹಾಕಿ 700, 800 ಕುದುರೆ ಶಕ್ತಿಗೆ ಹೋಗುವ ಯೋಚನೆ ಇದ್ದವರು ಮೊದಲಿನಿಂದಲೇ ಮುಂದೆ ಇಡುವುದು ಒಳ್ಳೆಯದು. ಮಳೆ, ಬಿಸಿಲು, ಕಚೇರಿಗೂ ಅದೇ ಕಾರು ಎನ್ನುವವರಿಗೆ ಎಸಿ ಇಲ್ಲದ ಜುಲೈ ತಿಂಗಳು ಕಷ್ಟ.

ಒಂದು ವಿಷಯದಲ್ಲಿ ಹಿಂಬದಿ ಜೋಡಣೆ ಸ್ಪಷ್ಟವಾಗಿ ಮೇಲು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಳು ಕಂಪನಿ ಇಟ್ಟ ಜಾಗದಲ್ಲೇ, ಎಂಜಿನ್ ಹತ್ತಿರ ಉಳಿಯುತ್ತವೆ, ಬೇಗ ಬಿಸಿಯಾಗಿ ಕೆಲಸ ಶುರು ಮಾಡುತ್ತವೆ. ಮುಂದಿನ ಟರ್ಬೊ ಆ ಬಿಸಿಯನ್ನು ಮೊದಲು ತಾನು ತಿನ್ನುತ್ತದೆ. ಆದರೆ ಇಪ್ಪತ್ತೈದು ವರ್ಷದ ಹಳೇ ಕನ್ವರ್ಟರಿನ ಒಳಗಿನ ಜೇನುಗೂಡು ಒಡೆದು ಚೂರಾದರೆ ಆ ಚೂರು ಸೀದಾ ಹೋಗಿ ಬಡಿಯುವುದು ನಿಮ್ಮ ಟರ್ಬೈನ್ ಚಕ್ರಕ್ಕೆ. ಕೈಯಲ್ಲಿ ತಟ್ಟಿ ಕೇಳಿ. ಒಳಗೆ ಗಲಗಲ ಎಂದರೆ ಟರ್ಬೊ ಹಾಕುವ ಮೊದಲೇ ಹೊಸದು ಹಾಕಿಸಿ.

ಸೂಪರ್‌ಚಾರ್ಜರ್

ಬೆಲ್ಟಿನಲ್ಲಿ ತಿರುಗುವ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಕೂರಿಸಲು ಎಲ್ಲಕ್ಕಿಂತ ಕಡಿಮೆ ದಿನ ಸಾಕು. ಎಕ್ಸಾಸ್ಟ್ ಮುಟ್ಟಬೇಕಾಗಿಲ್ಲ, ಎಸಿ ಉಳಿಯುತ್ತದೆ, ಕೆಲವು ಮಾದರಿಗಳು ತಮ್ಮ ಆಯಿಲ್ ತಾವೇ ಇಟ್ಟುಕೊಂಡಿರುತ್ತವೆ. ಬೂಸ್ಟ್ ಆರ್‌ಪಿಎಂ ಜೊತೆ ನಿಧಾನವಾಗಿ ಏರುತ್ತದೆ, ಹಾಗಾಗಿ ಕೆಳಗಿನ ವೇಗದಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಪೆಟ್ಟು ಕಡಿಮೆ. ಅದೇ ಕಾರಣಕ್ಕೆ ಊರೊಳಗೆ ಓಡಿಸುವಾಗ ಅದರ ಮಜಾ ಸಿಗುವುದೂ ಕಡಿಮೆ. ಎಲ್‌ಎಸ್1ರಲ್ಲಿ ಒಂದು ಎಚ್ಚರಿಕೆ. ಕ್ರ್ಯಾಂಕಿನ ಮುಂದಿನ ಪುಲ್ಲಿಯನ್ನು ಜಾರದಂತೆ ಹಿಡಿಯುವ ಕೀ ಇಲ್ಲ, ಬಿಗಿತದ ಮೇಲೆಯೇ ನಿಂತಿದೆ. ಸೂಪರ್‌ಚಾರ್ಜರಿನ ಎಳೆತಕ್ಕೆ ಅದು ಜಾರಬಹುದು. ಪುಲ್ಲಿ ಮತ್ತು ಕ್ರ್ಯಾಂಕಿನ ನಡುವೆ ತೂತು ಕೊರೆದು ಪಿನ್ ಹೊಡೆಯುವುದನ್ನು ಬಿಡಬೇಡಿ. ಬೆಸುಗೆ ಬಾರದವರಿಗೆ, ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡಲು ಲಿಫ್ಟ್ ಇಲ್ಲದವರಿಗೆ ನಾನು ಇದನ್ನೇ ಹೇಳುವುದು.

ಮೂರಕ್ಕೂ ಒಂದೇ ಆದದ್ದು

ಎಲ್ಲಿಂದ ಗಾಳಿ ತಳ್ಳಿದರೂ ತಿನ್ನುವ ಎಂಜಿನ್ ಅದೇ. ಎಲ್‌ಎಸ್1ರ ಪಿಸ್ಟನ್‌ಗಳು ಎರಕದವು, ಕಂಪ್ರೆಷನ್ 10ಕ್ಕೆ 1ರ ಸುತ್ತ. ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುವುದು, ಆದರೆ ಪಿಸ್ಟನ್ ರಿಂಗಿನ ನಡುವಿನ ತೆಳು ಅಂಚು ಒಡೆಯುತ್ತದೆ, ಅದಕ್ಕೆ ಎರಡನೇ ಅವಕಾಶ ಇಲ್ಲ. ಕಂಪನಿಯ ಒಳಭಾಗಗಳ ಮೇಲೆ 6ರಿಂದ 8 ಪಿಎಸ್‌ಐ ದಾಟಬೇಡಿ. ಇಂಧನದ ಒತ್ತಡ ಕಾರ್ಖಾನೆಯಿಂದ ಬಂದಾಗ 58 ಪಿಎಸ್‌ಐ. ದೊಡ್ಡ ಇಂಜೆಕ್ಟರ್, ದೊಡ್ಡ ಪಂಪು ಬೇಕೇಬೇಕು. ಈ ಕಾರಿನಲ್ಲಿ ಪೆಟ್ರೋಲ್ ಪಂಪು ಬದಲಿಸಲು ಹಿಂದಿನ ಆಕ್ಸಲ್ ಇಳಿಸಿ ಟ್ಯಾಂಕ್ ಕೆಳಗೆ ತರಬೇಕು. ಹಿಂಬದಿ ಟರ್ಬೊ ಹಾಕುವವರು ಹೇಗೂ ಅಲ್ಲೇ ಮಲಗಿರುತ್ತಾರೆ, ಎರಡನ್ನೂ ಒಟ್ಟಿಗೆ ಮುಗಿಸಿ. ಆ ಟ್ಯಾಂಕ್ ಪ್ಲಾಸ್ಟಿಕ್‌ನದು, ಟರ್ಬೊಗೆ ಬಹಳ ಹತ್ತಿರ. ನಡುವೆ ಗಾಳಿ ಆಡುವಷ್ಟು ಅಂತರ ಬಿಟ್ಟು ತಗಡಿನ ಮರೆ ಹಾಕಿ, ಟರ್ಬೈನ್ ಹೌಸಿಂಗ್‌ಗೆ ಶಾಖದ ಹೊದಿಕೆ ಹೊದಿಸಿ. ಇದರಲ್ಲಿ ಉಳಿತಾಯ ಮಾಡುವ ಮಾತೇ ಇಲ್ಲ.

ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೂಡ ಬದಲಾಗಬೇಕು, ಕಂಪನಿಯದು ವಾತಾವರಣದ ಒತ್ತಡದ ತನಕ ಮಾತ್ರ ಅಳೆಯುತ್ತದೆ. ಗಾಳಿ ಮತ್ತು ಇಂಧನದ ಹದ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರನ್ನು ಟರ್ಬೊ ಆದ ಮೇಲೆ ಇಡಿ, ಮುಂಚೆ ಇಟ್ಟರೆ ಹೊಗೆಯ ಒತ್ತಡಕ್ಕೆ ಅದು ತಪ್ಪು ಓದುತ್ತದೆ. ಹಿಂಬದಿಯವರು, ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್‌ನ ಸಣ್ಣ ಹೋಸನ್ನು ಕಂಪ್ರೆಸರ್ ಹತ್ತಿರದಿಂದ ತೆಗೆದುಕೊಂಡರೆ ಅಲ್ಲಿನ ಒತ್ತಡಕ್ಕೂ ಮುಂದೆ ಎಂಜಿನ್ನಿಗೆ ಮುಟ್ಟುವ ಒತ್ತಡಕ್ಕೂ ವ್ಯತ್ಯಾಸ ಇರುತ್ತದೆ. ಬೂಸ್ಟ್ ಮೀಟರ್ ಅನ್ನು ಮಾತ್ರ ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೇ ಜೋಡಿಸಿ, ನಂಬಬೇಕಾದದ್ದು ಆ ಸಂಖ್ಯೆಯನ್ನು. ಇನ್ನು ಕಂಪನಿಯ ಹಿಂದಿನ ಆಕ್ಸಲ್, ಹತ್ತು ಬೋಲ್ಟಿನದು, ಮೂರರಲ್ಲಿ ಯಾವುದಕ್ಕೂ ಸಾಲದು. ಅದಕ್ಕೆ ಈಗಲೇ ದುಡ್ಡು ಎತ್ತಿಡಿ.

ಉದ್ದ ಪೈಪಿನಲ್ಲಿ ಗಾಳಿ ತಾನೇ ತಣ್ಣಗಾಗುತ್ತದೆ, ಹಿಂಬದಿಗೆ ಇಂಟರ್‌ಕೂಲರ್ ಬೇಡ ಎಂಬ ಮಾತಿದೆ. 27 ಡಿಗ್ರಿಯ ಗಾಳಿಯನ್ನು 70 ಪ್ರತಿಶತ ದಕ್ಷತೆಯ ಕಂಪ್ರೆಸರಿನಲ್ಲಿ 5 ಪಿಎಸ್‌ಐಗೆ ಒತ್ತಿದರೆ ಸುಮಾರು 65 ಡಿಗ್ರಿ, 7 ದಾಟಿದರೆ 80ರ ಹತ್ತಿರ. ನುಣುಪಾದ ಪೈಪು ಅದರಲ್ಲಿ ಇಳಿಸುವುದು ಸ್ವಲ್ಪ, ಜೊತೆಗೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಓಡಿಸಿದರೆ ಅದೂ ಇಲ್ಲ. 5ರೊಳಗೆ ನಿಲ್ಲುವವರು ಇಂಟರ್‌ಕೂಲರ್ ಇಲ್ಲದೆ ಓಡಿಸಿದ್ದಾರೆ. ಅದಕ್ಕಿಂತ ಮೇಲಾದರೆ ಹಾಕಿ. ಈ ಕಮಾರೊ ಬಂಪರಿನ ಕೆಳಗಿನಿಂದ ಗಾಳಿ ಎಳೆದು ರೇಡಿಯೇಟರಿಗೆ ಕೊಡುವ ಕಾರು, ಆದ್ದರಿಂದ ಇಂಟರ್‌ಕೂಲರ್ ಆ ಬಾಯಿ ಮುಚ್ಚದಂತೆ ನೋಡಿಕೊಳ್ಳಿ.

ನೀರು, ಹಂಪು, ಕಾನೂನು

ಹಿಂದಿನ ಬಂಪರಿನ ಒಳಗೆ ಕೂತ ಏರ್ ಫಿಲ್ಟರಿಗೆ ಟೈರು ಎರಚುವ ನೀರು, ಮರಳು ಎಲ್ಲ ಬರುತ್ತದೆ. ನೀರು ತಡೆಯುವ ಬಟ್ಟೆಯ ಚೀಲ ಹೊದಿಸಿ, ಚಕ್ರದ ನೇರಕ್ಕೆ ಇಡಬೇಡಿ. ಕಾರನ್ನು ತಗ್ಗಿಸಿ ಓಡಿಸುವವರಿಗೆ ಅಡಿಯಲ್ಲಿ ಎರಡು ಸಾಲು ಪೈಪು ಹೊಂದುವುದಿಲ್ಲ. ನಮ್ಮೂರಿನ ಹಂಪುಗಳನ್ನು ನೆನೆದರೆ ಈ ಜೋಡಣೆ ಅಲ್ಲಿಗೆ ಹೇಳಿದ್ದಲ್ಲ.

ಊರಿನಿಂದ ಓದುವವರು ಕೇಳುವ ಮೊದಲೇ ಹೇಳುತ್ತೇನೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ರಸ್ತೆ ಕಾರಿಗೆ ಇದು ಬೇಡ. ಕೊಯಮತ್ತೂರಿನ ಕರಿ ಟ್ರ್ಯಾಕಿನಂಥ ಕಡೆಗೆಂದೇ ಕಟ್ಟುವ ಕಾರಾದರೆ ಮಾತು ಬೇರೆ. ಅದರಲ್ಲೂ ಒಂದೂವರೆ ಲೀಟರಿನ ಸಣ್ಣ ಎಂಜಿನ್ನಿಗೆ ಟರ್ಬೊ ಮುಂದೆಯೇ ಇರಲಿ, ದಾರಿಯಲ್ಲಿ ಕಳೆದುಕೊಳ್ಳುವಷ್ಟು ಬಿಸಿ ಹೊಗೆ ಅದರಲ್ಲಿಲ್ಲ. ಅಮೆರಿಕದಲ್ಲಿ ಮಿಷಿಗನ್ ಹೊಗೆ ತಪಾಸಣೆ ನಡೆಸುವುದಿಲ್ಲ, ಆದರೆ ಕನ್ವರ್ಟರ್ ಕಿತ್ತುಹಾಕುವುದು ದೇಶದ ಕಾಯ್ದೆಯಂತೆ ಎಲ್ಲೆಡೆ ತಪ್ಪು. ಕ್ಯಾಲಿಫೋರ್ನಿಯದಲ್ಲಿ ಇರುವವರು ಆ ರಾಜ್ಯದ ಮಂಜೂರಾತಿ ಸಂಖ್ಯೆ ಇರುವ ಕಿಟ್ ಸಿಕ್ಕದ ಹೊರತು ದುಡ್ಡು ಸುರಿಯಬೇಡಿ, ಅಲ್ಲಿ ಬಾನೆಟ್ ಎತ್ತಿ, ಅಡಿಯಲ್ಲಿ ಬಗ್ಗಿ ನೋಡುತ್ತಾರೆ.

ನನ್ನ ಆಯ್ಕೆ

ಎಸಿ ಬೇಕು, ಕಾರು ನಿತ್ಯ ಓಡಬೇಕು, 450ರಿಂದ 500 ಕುದುರೆ ಶಕ್ತಿ ಸಾಕು, ಬೆಸುಗೆ ಬರುತ್ತದೆ, ವೈರಿಂಗ್ ಕೆಲಸದಲ್ಲಿ ತಾಳ್ಮೆ ಇದೆ ಎನ್ನುವ ಕಮಾರೊ, ಫೈರ್‌ಬರ್ಡ್ ಒಡೆಯರಿಗೆ ಹಿಂಬದಿ ಟರ್ಬೊವನ್ನು ಮನಸಾರೆ ಹೇಳುತ್ತೇನೆ. ಶಕ್ತಿಗೆ ಮಿತಿ ಇಟ್ಟುಕೊಳ್ಳದವರು, ಕಾರನ್ನು ವಾರಾಂತ್ಯಕ್ಕಷ್ಟೇ ಇಟ್ಟವರು ಮುಂದೆ ಇಡಲಿ. ವೈರಿಂಗ್ ನೋಡಿದರೆ ಹಿಂಜರಿಯುವವರು ಸೂಪರ್‌ಚಾರ್ಜರ್ ತಗೊಳ್ಳಲಿ. ಬಳಸಿದ ಹಿಂಬದಿ ಕಿಟ್ ಅಗ್ಗಕ್ಕೆ ಸಿಕ್ಕಿತೆಂದು ತರುವವರಿಗೆ ಒಂದು ಮಾತು: ಟರ್ಬೊ ಹಳೆಯದಿದ್ದರೂ ಪರವಾಗಿಲ್ಲ, ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ ತಗೊಳ್ಳಬಹುದು. ಆಯಿಲ್ ಪಂಪು, ಹೋಸುಗಳು ಮಾತ್ರ ಹೊಸದೇ ಇರಲಿ.

ನನ್ನ ಕಾರಿನಲ್ಲಿ ಈಗ ಪಂಪಿನ ಅರ್ತಿಂಗ್‌ಗೆ ಎರಡು ವೈರು ಇವೆ. ಒಂದು ಬಣ್ಣ ಕೆರೆದು ಹೊಳಪು ಬರಿಸಿ ಚಾಸಿಗೆ ಬಿಗಿದದ್ದು, ಇನ್ನೊಂದು ನೇರ ಬ್ಯಾಟರಿಗೆ. ಎರಡರ ಮೇಲೂ ಗ್ರೀಸ್ ಬಳಿದಿದ್ದೇನೆ. ಕೀ ತಿರುಗಿಸಿ ಹಿಂದಿನಿಂದ ಪಂಪಿನ ಗೊರಗೊರ ಸದ್ದು ಕಿವಿಗೆ ಬಿದ್ದ ಮೇಲೆಯೇ ಸ್ಟಾರ್ಟ್ ಮಾಡುತ್ತೇನೆ.